ಕೆಮ್ಮಿ ಬರುವ ಮನುಷ್ಯ

ಜನವರಿ 6, ಸೋಮವಾರ

ಪ್ರತಿವರ್ಷ ಗೊಬ್ಬರದ ಅಂಗಡಿಯವರು ಒಂದು ಡೈರಿ ಕೊಡುತ್ತಾರೆ, ಪ್ರತಿವರ್ಷ ಕಾಂತಾಬಾಯಿ ಅದರ ಹಾಳೆ ಹರಿದು ಡಬ್ಬಿಗಳ ಕೆಳಗೆ ಹಾಸುತ್ತಾಳೆ. ಈ ವರ್ಷ ಕೊಡುವುದಿಲ್ಲ ಎಂದು ಹೆಂಡತಿಗೆ ಖಡಾಖಂಡಿತ ಹೇಳಿದ್ದೇನೆ. ನಾನೀಗ ಬರೆಯುವ ಮನುಷ್ಯ. ಶನಿವಾರ ಲಾತೂರಿನಲ್ಲಿ ಒಂದು ದಿನದ ತರಬೇತಿ ಮುಗಿಸಿ ಬಂದೆ. ಇಂದಿನಿಂದ ನಮ್ಮ ಬೇಳೆ ಮಿಲ್ಲಿನ ಮುಕಾದಮಿಕೆ, ಎಂದರೆ ಆಳುಗಳ ಮೇಲ್ವಿಚಾರಣೆಯ ಜೊತೆಗೆ ಅಲ್ಲಿಯ ಸುರಕ್ಷತೆಯೂ ನನ್ನ ತಲೆಯ ಮೇಲೆ.

ತರಬೇತಿಯಲ್ಲಿ ಪರದೆಯ ಮೇಲೆ ಯಂತ್ರಕ್ಕೆ ಸಿಕ್ಕ ಕೈಗಳ ಚಿತ್ರ ತೋರಿಸಿದರು. ನನ್ನ ಪಕ್ಕ ಕೂತಿದ್ದ ನಿಲಂಗಾದ ಎಣ್ಣೆ ಗಿರಣಿಯವನು ಊಟ ಬಿಟ್ಟ. ನಾನು ಎರಡು ಸಲ ಹಾಕಿಸಿಕೊಂಡು ಉಂಡೆ. ಉದಗೀರಿನ ಈ ಒಂದೇ ಮಿಲ್ಲಿನಲ್ಲಿ ಇಪ್ಪತ್ತಾರು ವರ್ಷ ಕಳೆದಿದ್ದೇನೆ, ನನ್ನ ಕೈಕೆಳಗೆ ಯಾರದೂ ಒಂದು ಉಗುರು ಹೋಗಿಲ್ಲ.

ಬೇಳೆ ಆರಿಸುವ ಪಟ್ಟಾದ ಎರಡೂ ಬದಿಗೆ ಆರಾರು ಹೆಣ್ಣುಮಕ್ಕಳು ನಿಲ್ಲುತ್ತಾರೆ. ಪಟ್ಟಾದ ಮೇಲೆ ಬೇಳೆ ಸಾಗುತ್ತಿರುತ್ತದೆ, ಇವರು ಕಲ್ಲು, ಕರಿಕಾಳು ಹೆಕ್ಕಿ ತೆಗೆಯುತ್ತಾರೆ. ಹನ್ನೆರಡೂ ಜನರಿಗೆ ಏಪ್ರನ್ ಮತ್ತು ಟೊಪ್ಪಿಗೆ ಹಂಚಿದೆ. ಸೆರಗು ಏಪ್ರನ್ನಿನ ಒಳಗೆ, ಕೂದಲು ಟೊಪ್ಪಿಗೆಯ ಒಳಗೆ. ಎಲ್ಲರಿಗಿಂತ ಹಿರಿಯಳಾದ ಶಿವಗಂಗಾಬಾಯಿ ಟೊಪ್ಪಿಗೆಯನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ತಮ್ಮಾ, ಇದು ಹಾಕ್ಕೊಂಡ್ರ ಬ್ಯಾಳಿ ಏನರ ಲಗೂ ಶುದ್ಧ ಆಗ್ತದೇನು?"

ಎಲ್ಲರೂ ನಕ್ಕರು. ನಗಲಿ, ಹಾಕಿಕೊಂಡರೆ ಸಾಕು.

ಜನವರಿ 8, ಬುಧವಾರ

ದಿನಕ್ಕೆ ಎಂಟು ಹತ್ತು ಸಲ, ಪಟ್ಟಾ ಇರುವ ಬೇಳೆ ಆರಿಸುವ ಮನೆಗೆ ಹೋಗಿ ತಪಾಸಣೆ ಮಾಡುತ್ತೇನೆ. ಒಮ್ಮೆಲೇ ಒಳಗೆ ನುಗ್ಗುವ ಜಾತಿಯವನಲ್ಲ ನಾನು. ಬಾಗಿಲಲ್ಲಿ ನಿಂತು ಕೆಮ್ಮಿ, ಎರಡು ಕ್ಷಣ ಬಿಟ್ಟು ಒಳಗೆ ಕಾಲಿಡುತ್ತೇನೆ. ನಮ್ಮಪ್ಪ ಮನೆಗೆ ಬರುವಾಗಲೂ ಹೀಗೇ ಕೆಮ್ಮಿ ಬರುತ್ತಿದ್ದ. ಹೆಣ್ಣುಮಕ್ಕಳಿಗೆ ಸೆರಗು ಸರಿಮಾಡಿಕೊಳ್ಳಲು ಪುರಸೊತ್ತು ಬೇಕು. ಈ ಹನ್ನೆರಡರಲ್ಲಿ ಅರ್ಧಕ್ಕರ್ಧ ನಮ್ಮ ಬಳಗದವರು, ಉಳಿದವರಿಗೂ ನಾನು ಕಾಕಾ. ಒಬ್ಬಳಂತೂ ನನ್ನ ಸ್ವಂತ ಸೊಸೆ ಮೀನಲ. ಶಿರೂರ ಅನಂತಪಾಳದಿಂದ ನಮ್ಮ ಮನೆ ತುಂಬಿ ಒಂಬತ್ತು ವರ್ಷವಾಯಿತು, ಬರಿತಲೆಯಲ್ಲಿ ನನ್ನ ಮುಂದೆ ಒಂದು ದಿನ ನಿಂತಿಲ್ಲ. ನನ್ನ ಜೊತೆ ನೇರವಾಗಿ ಮಾತೂ ಇಲ್ಲ. ಏನಿದ್ದರೂ ಅತ್ತೆಯ ಮೂಲಕ.

ಇಂದು ಒಳಗೆ ಹೋದಾಗ ಎಲ್ಲರ ಟೊಪ್ಪಿಗೆಯ ಮೇಲೂ ಸೆರಗಿತ್ತು. ನೋಡಲು ಚೆನ್ನಾಗಿತ್ತು. ನಿಯಮವೂ ಉಳಿಯಿತು, ಮರ್ಯಾದೆಯೂ ಉಳಿಯಿತು ಎಂದು ತಪಾಸಣೆಯ ಹಾಳೆಯಲ್ಲಿ ಸರಿ ಗುರುತು ಹಾಕಿದೆ.

ಜನವರಿ 10, ಶುಕ್ರವಾರ

ಪಟ್ಟಾದ ಕೊನೆಯ ರೋಲರಿಗೆ ತಂತಿಯ ಜಾಳಿ ಇರುತ್ತದೆ, ಕೈ, ಬಟ್ಟೆ ಒಳಗೆ ಹೋಗದಂತೆ. ಹೊಟ್ಟು ಕಟ್ಟಿಕೊಂಡಿತೆಂದು ಫಿಟ್ಟರು ಅದನ್ನು ಬಿಚ್ಚಿ ಗೋಡೆಗೆ ಒರಗಿಸಿ ಹೋಗಿದ್ದಾನೆ. ಮಾಲಕರಾದ ಅಂಬಾದಾಸ ಶೇಟರಿಗೆ ಹೇಳಿದೆ.

"ಕಾಶೆಪ್ಪಾ, ತೊಗರಿ ಹಂಗಾಮ ಅದ. ಜಾಳಿ ಹಾಕಿದ್ರ ದಿನಾ ಮೂರು ಸಲ ಪಟ್ಟಾ ಬಂದ್ ಮಾಡಿ ಹೊಟ್ಟು ತಗೀಬೇಕಾಗ್ತದ. ಪುಢಚ್ಯಾ ಆಠವಡ್ಯಾತ ಬಘೂ."

ಮುಂದಿನ ವಾರ ನೋಡೋಣ ಎಂದರೆ ನೋಡೋಣ. ನಾನು ಹೇಳುವುದು ಹೇಳಿದ್ದೇನೆ. ಇನ್ನು ಹೆಚ್ಚು ಕೊರೆದರೆ, ಒಂದು ದಿನದ ತರಬೇತಿಗೆ ಸಾಹೇಬನಾದ ಎನ್ನುತ್ತಾರೆ.

ಜನವರಿ 14, ಮಂಗಳವಾರ

ಸಂಕ್ರಾಂತಿ. ಮೀನಲ ಎಳ್ಳುಬೆಲ್ಲದ ತಟ್ಟೆಯನ್ನು ಅತ್ತೆಯ ಕೈಯಲ್ಲಿ ಕೊಟ್ಟು ಕಳಿಸಿ, ಬಾಗಿಲ ಮರೆಯಿಂದ ನೆಲ ಮುಟ್ಟಿ ನಮಸ್ಕಾರ ಮಾಡಿದಳು. ಇಂಥ ಸೊಸೆ ಎಷ್ಟು ಮನೆಯಲ್ಲಿ ಸಿಗುತ್ತಾಳೆ?

ಜನವರಿ 17, ಶುಕ್ರವಾರ

ಮೀನಲಳ ಬಲಗೈ ಪಟ್ಟಾದಲ್ಲಿ ಸಿಕ್ಕಿತು. ಈಗ ದವಾಖಾನೆಯಿಂದ ಬಂದೆ. ಬರೆಯಲು ಆಗುವುದಿಲ್ಲ.

ಜನವರಿ 19, ಭಾನುವಾರ

ತೋರುಬೆರಳು ಮತ್ತು ನಡುವಿನ ಬೆರಳು ಹೋದವು. ಉಳಿದ ಎರಡಕ್ಕೆ ತಂತಿ ಹಾಕಿದ್ದಾರೆ. ಅವಳ ಗಂಡ, ನನ್ನ ಮಗ ಗುರುಲಿಂಗ ಉಮರ್ಗಾಕ್ಕೆ ಒಯ್ಯುತ್ತಿದ್ದ ಮಾಲನ್ನು ತುರೋರಿಯಲ್ಲೇ ಟೆಂಪೋ ಸಮೇತ ಒಬ್ಬರ ಅಂಗಳದಲ್ಲಿ ಬಿಟ್ಟು ಬಸ್ಸು ಹತ್ತಿ ಬಂದ. ದವಾಖಾನೆಯ ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತ.

ಆದದ್ದು ಇಷ್ಟು. ಊಟದ ನಂತರ ತಪಾಸಣೆಗೆ ಹೋದೆ. ಎಂದಿನಂತೆ ಬಾಗಿಲಲ್ಲಿ ಕೆಮ್ಮಿದೆ. ಒಳಗೆ ಕಾಲಿಟ್ಟಾಗ ರೋಲರಿನ ಪಕ್ಕದ ಜಾಗದಲ್ಲಿದ್ದ ಮೀನಲಳ ಸೆರಗಿನ ತುದಿ ಪಟ್ಟಾದ ಅಡಿಗೆ ಹೋಗುತ್ತಿತ್ತು. ಬಿಡಿಸಿಕೊಳ್ಳಲು ಅವಳು ಕೈ ಹಾಕಿದಳು. ಪಟ್ಟಾ ನಿಲ್ಲಿಸುವ ಕೆಂಪು ಗುಂಡಿ ಒತ್ತಬೇಕೆಂದು ಲಾತೂರಿನಲ್ಲಿ ನೂರು ಸಲ ಹೇಳಿದ್ದರು. ನಾನು "ಏ, ಏ" ಎಂದು ಕೂಗುತ್ತ ನಿಂತಿದ್ದೆ. ಓಡಿ ಹೋಗಿ ಒತ್ತಿದವಳು ಶಿವಗಂಗಾಬಾಯಿ.

ಪಟ್ಟಾ ನಿಂತಿತು. ಕೈ ಇನ್ನೂ ಒಳಗೇ ಇತ್ತು. ಆಗ ಮೀನಲ ಎಡಗೈಯಿಂದ ತಲೆಯ ಮೇಲೆ ಸೆರಗು ಎಳೆದುಕೊಳ್ಳಲು ನೋಡಿದಳು. ಅದು ಯಾಕೋ ಕಣ್ಣಿನಿಂದ ಹೋಗುತ್ತಿಲ್ಲ.

ಸಿಟ್ಟೂ ಬರುತ್ತಿದೆ. ಏಪ್ರನ್ ಕೊಟ್ಟಿದ್ದೆ. ಸೆರಗು ಒಳಗೇ ಇರಲಿ ಎಂದು ಹೇಳಿದ್ದೆ. ಹೊರಗೆ ಯಾಕೆ ತೆಗೆದಳು? ಸ್ವಂತ ಸೊಸೆಯೇ ಕೇಳದಿದ್ದರೆ ಬೇರೆಯವರಿಗೆ ಏನು ಹೇಳಲಿ?

ಜಾಳಿಯನ್ನು ಅದೇ ಸಂಜೆ ಕೂರಿಸಿದರಂತೆ. ಅರ್ಧ ತಾಸಿನ ಕೆಲಸ. ನಿನ್ನೆ ಶೇಟರು ವರದಿಯ ಕಾಗದ ಬರೆಸಿಕೊಂಡು ದವಾಖಾನೆಗೇ ಬಂದರು. ಜಾಳಿ ಇತ್ತು, ಕೆಲಸಗಾರಳು ನಿಯಮ ಮೀರಿ ಸೆರಗು ಹೊರಗೆ ತೆಗೆದಿದ್ದಳು, ಅವಳ ಅಜಾಗರೂಕತೆಯೇ ಕಾರಣ ಎಂದಿತ್ತು. ಕೆಳಗೆ ಸುರಕ್ಷತೆಯ ಜವಾಬ್ದಾರನ ಸಹಿ. ಮಾಡಿದೆ. ಎರಡನೆಯ ಮಾತಂತೂ ನಿಜವೇ ಇತ್ತಲ್ಲ.

ಜನವರಿ 27, ಸೋಮವಾರ

ಮೀನಲ ಮನೆಗೆ ಬಂದಿದ್ದಾಳೆ. ಸಂಜೆ ಕೆಲಸದಿಂದ ಬಂದು ಬಾಗಿಲಲ್ಲಿ ಕೆಮ್ಮಿ ಒಳಗೆ ಹೋದೆ. ಹಾಸಿಗೆಯ ಮೇಲೆ ಎದ್ದು ಕೂತು, ಎಡಗೈಯಲ್ಲಿ ಸೆರಗಿನೊಂದಿಗೆ ಗುದ್ದಾಡುತ್ತಿದ್ದಳು. ಬ್ಯಾಂಡೇಜಿನ ಕೈ ಗೋಡೆಗೆ ಬಡಿದು ಒಮ್ಮೆ ನರಳಿದಳು. ಸೆರಗು ಅರ್ಧ ತಲೆಗೆ ಬಂದು ಜಾರಿ ಬಿತ್ತು. ಮತ್ತೆ ಎಳೆದಳು, ಮತ್ತೆ ಜಾರಿತು. ಕಾಂತಾಬಾಯಿ ಒಲೆಯ ಮುಂದಿನಿಂದ ಎದ್ದು ಬಂದಳು.

"ನೀವು ಹೊರಗ ಕಟ್ಟಿಮ್ಯಾಗ ಕೂಡ್ರಿ. ನೀವು ಒಳಗಿದ್ರ ಆಕಿ ಮೈ ನೆಲಕ್ಕ ಹಚ್ಚಂಗಿಲ್ಲ."

ನನ್ನ ಮನೆ, ನಾನು ಹೊರಗೆ. ಚಹಾ ಅಲ್ಲಿಗೇ ಬಂತು. ಚಳಿ ಇತ್ತು.

ಜನವರಿ 31, ಶುಕ್ರವಾರ

ಮನಸ್ಸು ಸರಿಯಿಲ್ಲ. ಇದ್ದದ್ದು ಇದ್ದಹಾಗೆ ಬರೆದುಬಿಡುತ್ತೇನೆ.

ಮೀನಲಳ ಜಾಗದಲ್ಲಿ ಇನ್ನೂ ಯಾರೂ ಬಂದಿಲ್ಲ. ಊಟದ ಹೊತ್ತಿಗೆ ಹೆಣ್ಣುಮಕ್ಕಳನ್ನು ನಿಲ್ಲಿಸಿಕೊಂಡು, ಸೆರಗು ಹೊರಗೆ ತೆಗೆದರೆ ಏನಾಗುತ್ತದೆ ನೋಡಿದಿರಲ್ಲ ಎಂದು ಬೈದೆ. ಎಲ್ಲರೂ ನೆಲ ನೋಡಿದರು. ಹೊರಗೆ ಬಂದಾಗ ಶಿವಗಂಗಾಬಾಯಿ ರೊಟ್ಟಿಯ ಗಂಟು ಬಗಲಲ್ಲಿಟ್ಟುಕೊಂಡು ಹಿಂದೆಯೇ ಬಂದಳು.

"ಆಕಿ ಸೆರಗ ಯಾಕ ತಗದಳಂತ ನಿನಗ ಖರೇನಽ ಗೊತ್ತಿಲ್ಲೇನು?"

"ನನಗೇನು ಗೊತ್ತು?"

"ನೀ ಕೆಮ್ಮಿದಿ."

ಇವಳಿಗೆ ವಯಸ್ಸಾಯಿತು ಎಂದುಕೊಂಡೆ. ಕೆಮ್ಮಿದರೆ ಕೈ ಹೋಗುತ್ತದೆಯೇ ಎಂದು ಗದರಿದೆ. ಅವಳು ಗದರಿಕೆಗೆ ಬಗ್ಗುವವಳಲ್ಲ, ನನಗಿಂತ ಆರು ವರ್ಷ ದೊಡ್ಡವಳು.

"ಟೊಪಗಿ ಅಂದ್ರ ಸೆರಗಲ್ಲಪಾ. ಮಾವನ ಮುಂದ ಬರೀ ಟೊಪಗಿ ಹಾಕ್ಕೊಂಡು ನಿಂದ್ರಲಿಕ್ಕಿ ಯಾ ಸೊಸಿಗಿ ಆಗ್ತದ? ನೀ ಕೆಮ್ಮಿದಿ ಅಂದ್ರ ಎಲ್ಲಾರೂ ಏಪ್ರನ್ನಿನ್ಯಾಗಿಂದ ಸೆರಗ ಜಗ್ಗಿ ಹೊತ್ಕೋತಾರ. ನೀ ಹ್ವಾದಿ ಅಂದ್ರ ಮತ್ತ ಒಳಗ ತುರಕ್ತಾರ. ದಿನಾ ಹತ್ತು ಸಲ ಇದಽ ಕಥಿ. ಆವತ್ತು ಜಾಳಿ ಇರಲಿಲ್ಲ."

"ಹಂಗಾದ್ರ ಮೊದಲಽ ಯಾಕ ಹೇಳಲಿಲ್ಲ?"

"ಯಾರಿಗಿ ಹೇಳಬೇಕಿತ್ತು? ಸುರಕ್ಷತಾದಂವ ನೀನಽ ಇದ್ದಿ."

ಅವಳು ಹೋಗಿ ಬೇವಿನ ಗಿಡದ ಕೆಳಗೆ ಕೂತು ರೊಟ್ಟಿ ಬಿಚ್ಚಿದಳು. ನನಗೆ ಊಟ ಸೇರಲಿಲ್ಲ. ಸುಳ್ಳು ಹೇಳುತ್ತಾಳೆ. ತಪ್ಪಿಸಿಕೊಳ್ಳಲು ಹೆಂಗಸರು ಏನು ಬೇಕಾದರೂ ಹೇಳುತ್ತಾರೆ.

ಫೆಬ್ರುವರಿ 1, ಶನಿವಾರ

ಸುಳ್ಳೋ ನಿಜವೋ ನೋಡೇಬಿಡೋಣ ಎಂದು ಆರಿಸುವ ಮನೆಯ ಹಿಂದಿನ ಕಿಟಕಿಗೆ ಹೋದೆ. ಧೂಳು ಹಿಡಿದ ಗಾಜು. ಒಳಗಿನಿಂದ ನಾನು ಕಾಣುವುದಿಲ್ಲ. ಹನ್ನೊಂದು ಜನ ಸಾಲಾಗಿ ನಿಂತಿದ್ದರು, ಟೊಪ್ಪಿಗೆ ತಲೆಗೆ, ಸೆರಗು ಏಪ್ರನ್ನಿನ ಒಳಗೆ, ತರಬೇತಿಯ ಚಿತ್ರದಲ್ಲಿದ್ದಂತೆಯೇ. ನನ್ನ ನಿಯಮವನ್ನು ಇವರು ಇಷ್ಟು ಚೆನ್ನಾಗಿ ಪಾಲಿಸುವುದನ್ನು ನಾನು ಒಂದು ದಿನವೂ ನೋಡಿರಲಿಲ್ಲ.

ಕೆಮ್ಮಿದೆ.

ಹತ್ತು ಜನರ ಕೈಗಳು ಒಮ್ಮೆಲೇ ಬೇಳೆ ಬಿಟ್ಟು ಮೇಲೆದ್ದವು. ಹತ್ತು ಸೆರಗು ಹೊರಗೆ ಬಂದವು. ಯಾರೂ ಪಟ್ಟಾ ನೋಡುತ್ತಿರಲಿಲ್ಲ, ಎಲ್ಲರ ಕಣ್ಣೂ ಬಾಗಿಲ ಮೇಲೆ. ಶಿವಗಂಗಾಬಾಯಿ ಒಬ್ಬಳೇ ಕರಿಕಾಳು ಹೆಕ್ಕುತ್ತಿದ್ದಳು.

ಓಡುವ ಪಟ್ಟಾದ ಮುಂದೆ ಮತ್ತೆ ಅದೇ ಮಾಡಿದೆನಲ್ಲ ಎಂದು ಆಮೇಲೆ ಹೊಳೆಯಿತು. ಅಲ್ಲೇ ಚೀಲಗಳ ಮೇಲೆ ಕೂತೆ.

ಫೆಬ್ರುವರಿ 3, ಸೋಮವಾರ

ಇಂದು ಕೆಮ್ಮದೆ ಹೋದೆ. ಅದು ಇನ್ನೂ ಕೆಟ್ಟದ್ದಾಯಿತು. ಒಬ್ಬಳು ಬೆಚ್ಚಿ ಕಲ್ಲಿನ ಬುಟ್ಟಿಯನ್ನೇ ಪಟ್ಟಾದ ಮೇಲೆ ಚೆಲ್ಲಿದಳು. ಸ್ವಿಚ್ ಬಂದ್ ಮಾಡಿಸಿ ಹೇಳಿದೆ, ನಾನು ಬಂದರೂ ಯಾರೂ ಸೆರಗು ಮುಟ್ಟಬೇಡಿ, ಇದು ನನ್ನ ಮಾತು. ಬಾಯಿ ಜೋರಾದ ಸಪನಾ ಸೆರಗಿನೊಳಗಿಂದಲೇ ಕೇಳಿದಳು.

"ಕಾಕಾ, ನಿಮ್ಮ ಮನ್ಯಾಗ ಮೊದಲ ಹೇಳೀರೇನ್ರಿ?"

ಪಟ್ಟಾ ಮತ್ತೆ ಶುರು ಮಾಡಿಸಿ ಹೊರಗೆ ಬಂದೆ.

ಫೆಬ್ರುವರಿ 9, ಭಾನುವಾರ

ಮನೆಯಲ್ಲಿ ಹೇಳಿದೆ. ನೇರ ಸೊಸೆಗೆ ಹೇಳಲು ನಾಲಗೆ ಏಳಲಿಲ್ಲ, ಕಾಂತಾಬಾಯಿಗೆ ಹೇಳಿದೆ. ಇನ್ನುಮುಂದೆ ಮೀನಲ ನನ್ನ ಮುಂದೆ ಸೆರಗು ಹೊರುವುದು ಬೇಡ ಎಂದು. ಕಾಂತಾಬಾಯಿ ತೊಗರಿಕಾಯಿ ಸುಲಿಯುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

"ನಿಮ್ಮಪ್ಪ ಇರೂತನಕಾ ಹತ್ತೊಂಬತ್ತು ವರ್ಷ ಹೊತ್ತೀನಿ. ಒಮ್ಮಿ ಒಲಿ ಉರಿ ಹತ್ತಿತ್ತು ಸೆರಗಿಗಿ, ನೆನಪದೇನು? ನನಗಽ ಬೈದಿರಿ ಆವತ್ತು."

ನೆನಪಿರಲಿಲ್ಲ. ಅವಳು ಹೇಳಿದ ಮೇಲೆ ನೆನಪಾಯಿತು.

ಮಧ್ಯಾಹ್ನ ಅಂಬಾದಾಸ ಶೇಟರು ಮೋಸಂಬಿ ಹಿಡಿದು ಬಂದರು. ಶುಕ್ರವಾರ ಲಾತೂರಿನಿಂದ ಕಾರಖಾನೆ ಇನ್ಸ್‌ಪೆಕ್ಟರ್ ವಿಚಾರಣೆಗೆ ಬರುತ್ತಾರಂತೆ. ಮೀನಲ ತನ್ನ ಬಾಯಿಂದ ತಪ್ಪು ತನ್ನದೇ ಎಂದರೆ ವಿಷಯ ಅಲ್ಲಿಗೆ ಮುಗಿಯುತ್ತದೆ, ಇಲ್ಲದಿದ್ದರೆ ಮಿಲ್ಲಿಗೆ ಬೀಗ ಬೀಳುತ್ತದೆ ಎಂದರು.

"ತಪ್ಪು ಆಕಿದು ಅಂತ ಬರದ್ರ ಆಕಿಗಿ ಮತ್ತ ಕೆಲಸಾ ಕೊಡ್ತೀರೇನ್ರಿ?" ಎಂದು ಕೇಳಿದೆ.

"ನಿಯಮ ಮುರದೋರಿಗಿ ಹ್ಯಾಂಗ ಕೊಡೋದು, ನೀನಽ ಹೇಳು. ನಿನ್ನದಽ ಸಹಿ ಅದ."

ಶೇಟರು ಹೋದ ಮೇಲೆ ಒಳಗಿನಿಂದ ಮೀನಲಳ ದನಿ ಬಂತು. ಅತ್ತೆಗೆ ಹೇಳಿದ್ದು, ನನಗೆ ಕೇಳಲೆಂದೇ ಹೇಳಿದ್ದು.

"ಅತ್ತೀ, ಮಾವಾ ಏನು ಬರದಾರ ಅದನಽ ಹೇಳ್ತೀನಂತ ಹೇಳ್ರಿ. ಅವರ ಮಾತ ಸುಳ್ಳ ಮಾಡಂಗಿಲ್ಲ."

ನನಗೆ ಇಷ್ಟು ನಾಚಿಕೆ ಜನ್ಮದಲ್ಲಿ ಆಗಿರಲಿಲ್ಲ. ಅವಳ ಎರಡು ಬೆರಳು ಹೋದವು. ಇನ್ನು ಅವಳ ಹೆಸರನ್ನೂ ತೆಗೆದುಕೊಳ್ಳಲು ಹೊರಟಿದ್ದೇನೆ, ಅವಳೂ ಕೊಡಲು ಸಿದ್ಧಳಾಗಿ ಕೂತಿದ್ದಾಳೆ.

ಫೆಬ್ರುವರಿ 13, ಗುರುವಾರ

ನಾಳೆ ವಿಚಾರಣೆ. ಬಾಯಿ ಬಿಟ್ಟರೆ ಕೆಲಸ ಹೋಗಬಹುದು. ಐವತ್ತೆಂಟರ ಮುಕಾದಮನನ್ನು ಇನ್ನು ಯಾರು ಕರೆಯುತ್ತಾರೆ? ಬಾಯಿ ಬಿಡದಿದ್ದರೆ ಅವಳು ಜೀವಮಾನವಿಡೀ ತಪ್ಪು ಮಾಡಿ ಕೈ ಕಳೆದುಕೊಂಡವಳು. ಅದೇ ಲೆಕ್ಕವನ್ನು ಹತ್ತು ಸಲ ಹಾಕಿದೆ, ಹತ್ತೂ ಸಲ ಬೇರೆ ಬೇರೆ ಬಂತು.

ಫೆಬ್ರುವರಿ 14, ಶುಕ್ರವಾರ

ಆಫೀಸಿನಲ್ಲಿ ಇನ್ಸ್‌ಪೆಕ್ಟರ್ ಸಾಹೇಬರು, ಶೇಟರು, ನಾನು. ಬಾಗಿಲ ಬಳಿ ಶಿವಗಂಗಾಬಾಯಿ ಮತ್ತು ಮೀನಲ. ಮೀನಲಳ ಸೆರಗು ಹುಬ್ಬಿನ ತನಕ ಇಳಿದಿತ್ತು. ಕಾಂತಾಬಾಯಿ ಪಿನ್ನು ಚುಚ್ಚಿ ಕಳಿಸಿದ್ದಳು.

ಸಾಹೇಬರು ಮರಾಠಿಯಲ್ಲಿ ನನ್ನ ವರದಿ ಓದಿ, ಇದು ನಿಜವೇ ಎಂದು ಅವಳನ್ನು ಕೇಳಿದರು.

"ಹೌದ್ರಿ. ತಪ್ಪು ನಂದಽ ಅದ. ನಾನಽ ಸೆರಗ ತಗದೆ."

"ಯಾಕೆ ತೆಗೆದಿರಿ?"

ಮೀನಲ ಎಡಗೈಯಿಂದ ಸೆರಗನ್ನು ಇನ್ನಷ್ಟು ಕೆಳಗೆ ಎಳೆದುಕೊಂಡಳು. ಮತ್ತೆ ಕೇಳಿದರು. ಬ್ಯಾಂಡೇಜಿನ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ನೆಲ ನೋಡುತ್ತ ನಿಂತಳು. ಇವಳು ಹೇಳುವುದಿಲ್ಲ, ಎಷ್ಟು ಸಲ ಕೇಳಿದರೂ ಹೇಳುವುದಿಲ್ಲ ಎಂದು ನನಗೆ ಗೊತ್ತಾಯಿತು. ರಾತ್ರಿ ಹಾಕಿದ ಲೆಕ್ಕ ಒಂದೂ ನೆನಪಾಗಲಿಲ್ಲ. ಎದ್ದು ನಿಂತೆ.

"ನಾ ಹೇಳ್ತೀನ್ರಿ. ಆ ಕಾಗದ ಸುಳ್ಳು ಅದ. ಜಾಳಿ ಹತ್ತನೇ ತಾರೀಖದಿಂದ ಇರಲಿಲ್ಲ. ನನಗ ಗೊತ್ತಿತ್ತು. ಒಮ್ಮಿ ಹೇಳಿದೆ, ಸುಮ್ಮನಾದೆ. ಜಾಳಿ ಇಲ್ಲದ ಪಟ್ಟಾ ಬಂದ್ ಮಾಡೂದು ನನ್ನ ಕೆಲಸಾ ಇತ್ತು, ಮಾಡಲಿಲ್ಲ. ಆವತ್ತು ನಾ ಬಾಗಿಲದಾಗ ಕೆಮ್ಮಿದೆ. ಮಾವ ಬಂದಾನಂತ ಆಕಿ ಸೆರಗ ತಗದಳು."

ಸಾಹೇಬರು ಬರೆಯುವುದನ್ನು ನಿಲ್ಲಿಸಿದರು. "ಕೆಮ್ಮಿದ್ದು ಅಂದರೆ? ಅಪಘಾತದ ಕಾರಣದಲ್ಲಿ ಕೆಮ್ಮು ಅಂತ ಬರೆಯಲೇ?"

"ಹಂಗಽ ಬರೀರಿ."

ಇಪ್ಪತ್ತಾರು ವರ್ಷ ನನ್ನ ಉಪ್ಪು ಉಂಡವನು ಎಂಬಂತೆ ಶೇಟರು ನನ್ನನ್ನು ನೋಡಿದರು. ಸಾಹೇಬರು ಆರಿಸುವ ಮನೆಯ ಹಿಂದಿನ ಕಿಟಕಿಯ ಬಳಿ ಹೋಗಿ ನಿಂತು, ನನಗೆ ಕೆಮ್ಮಲು ಹೇಳಿದರು. ನಾನು ಮೊದಲು ಪಟ್ಟಾ ಬಂದ್ ಮಾಡಿಸಿ ಎಂದೆ. ಬಂದ್ ಆದ ಮೇಲೆ ಕೆಮ್ಮಿದೆ. ಒಳಗೆ ಸೆರಗುಗಳು ಹೊರಬಂದದ್ದನ್ನು ಅವರು ನೋಡಿದರು. ಆಮೇಲೆ ಪೆನ್ನು ತೆಗೆದು ಬರೆಯತೊಡಗಿದರು.

ಮನೆಗೆ ಬರುವಾಗ ಆಟೋದಲ್ಲಿ ಮೀನಲ ಇಡೀ ದಾರಿ ಅಳುತ್ತಿದ್ದಳು. ನನ್ನ ಮೇಲೆ ಸಿಟ್ಟೋ, ಸಮಾಧಾನವೋ ತಿಳಿಯಲಿಲ್ಲ. ಕೇಳುವ ರೂಢಿ ಇಲ್ಲ.

ಫೆಬ್ರುವರಿ 18, ಮಂಗಳವಾರ

ಸುರಕ್ಷತೆಯ ಜವಾಬ್ದಾರಿ ನನ್ನಿಂದ ತೆಗೆದರು. ಮುಕಾದಮಿಕೆಯೂ ಹೋಯಿತು. ಗೋದಾಮಿನಲ್ಲಿ ಚೀಲ ಎಣಿಸುವ ಕೆಲಸ. ಶೇಟರು ಮುಖ ಕೊಟ್ಟು ಮಾತಾಡುವುದಿಲ್ಲ. ಸಾಹೇಬರು ಬರೆದುಕೊಟ್ಟ ಆದೇಶ ಮಾತ್ರ ಗೋಡೆಗೆ ಅಂಟಿದೆ. ಜಾಳಿ ಇಲ್ಲದೆ ಪಟ್ಟಾ ಓಡಬಾರದು, ನಿಂತ ಜಾಗದಿಂದಲೇ ಕೈಗೆ ಸಿಗುವಂತೆ ಕೆಂಪು ಗುಂಡಿ ಇರಬೇಕು, ಗಾಯಗೊಂಡವಳಿಗೆ ಕೆಲಸ ಕೊಡಬೇಕು, ಸುರಕ್ಷತೆಯ ಜವಾಬ್ದಾರಿ ಪಟ್ಟಾದ ಮೇಲೆ ಕೆಲಸ ಮಾಡುವವರಲ್ಲೇ ಒಬ್ಬರಿಗೆ ಇರಬೇಕು.

ಫೆಬ್ರುವರಿ 23, ಭಾನುವಾರ

ಮೀನಲ ಇಂದು ಎಡಗೈಯಲ್ಲಿ ರೊಟ್ಟಿ ಬಡಿದಳಂತೆ. ಒಂದೂ ದುಂಡಗಾಗಲಿಲ್ಲ, ಎಲ್ಲ ಹರಿದವು. ಒಲೆಯ ಮುಂದೆಯೇ ಅತ್ತಳಂತೆ. ಹರಿದದ್ದನ್ನೇ ಹಾಕು ಎಂದೆ. ಮೂರು ತಿಂದು, ಇನ್ನೊಂದು ಕೇಳಿದೆ.

ಮಾರ್ಚ್ 10, ಸೋಮವಾರ

ಮೀನಲ ಕೆಲಸಕ್ಕೆ ಬಂದು ಒಂದು ವಾರ. ಜವಾಬ್ದಾರಿ ಯಾರಿಗೆ ಎಂದಾಗ ಹೆಣ್ಣುಮಕ್ಕಳೆಲ್ಲ ಅವಳ ಹೆಸರನ್ನೇ ಹೇಳಿದರಂತೆ. ಕಾಳು ಹೆಕ್ಕಲು ಬರುವುದಿಲ್ಲ, ಗುಂಡಿ ಒತ್ತಲು ಎಡಗೈ ಸಾಕು ಎಂದಳಂತೆ ಶಿವಗಂಗಾಬಾಯಿ. ನಾನು ಆ ಕಡೆ ಹೋಗಿರಲಿಲ್ಲ.

ಇಂದು ಚೀಲದ ಚೀಟಿ ಒಯ್ಯಲೇಬೇಕಾಯಿತು. ಬೇರೇನೋ ಯೋಚನೆಯಲ್ಲಿ ಸೀದಾ ಒಳಗೆ ನಡೆದೆ. ಹತ್ತು ಹೆಜ್ಜೆ ಇಟ್ಟಿರಬೇಕು, ಪಟ್ಟಾ ಗಕ್ಕನೆ ನಿಂತಿತು. ಎಲ್ಲರೂ ತಲೆ ಎತ್ತಿದರು. ಯಾರ ಕೈಯೂ ಸೆರಗಿಗೆ ಹೋಗಲಿಲ್ಲ. ರೋಲರಿನ ಪಕ್ಕ ಟೊಪ್ಪಿಗೆ ಹಾಕಿಕೊಂಡು ಮೀನಲ ನಿಂತಿದ್ದಳು. ಬಲಗೈ ಏಪ್ರನ್ನಿನ ಜೇಬಿನಲ್ಲಿತ್ತು, ಎಡಗೈ ಕೆಂಪು ಗುಂಡಿಯ ಮೇಲೆ. ಅವಳ ಮುಖ ಬಿಳಿಚಿಕೊಂಡಿತ್ತು. ಆದರೂ ಕಣ್ಣು ಕೆಳಗಿಳಿಸಲಿಲ್ಲ. ನನ್ನ ಸೊಸೆಯ ಹಣೆ ಇಷ್ಟು ಅಗಲ ಎಂದು ಒಂಬತ್ತು ವರ್ಷದಲ್ಲಿ ನನಗೆ ಗೊತ್ತಿರಲಿಲ್ಲ.

"ಮಾವಾ, ಕೊರಳಾಗಿನ ಶಲ್ಯಾ ಜೋತಾಡ್ಲಿಕ್ಕತ್ತದ. ಹೊರಗ ತಗದಿಟ್ಟು ಬರ್ರಿ."

ಹನ್ನೊಂದು ಜನ ನನ್ನನ್ನೇ ನೋಡುತ್ತಿದ್ದರು. ನಾನು ಹೊರಗೆ ಹೋದೆ. ಶಲ್ಯ ತೆಗೆದು ಚೀಲಗಳ ಮೇಲಿಟ್ಟೆ. ತಿರುಗಿ ಬಂದು ಹೊಸ್ತಿಲ ಹೊರಗೇ ನಿಂತೆ.

"ಈಗ ಒಳಗ ಬರಲೇನವಾ?"

ಅವಳು ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿದಳು. ಅಂಗಿ ತೋಳಿನ ಗುಂಡಿ ಹಾಕಿದೆಯೇ ಎಂದೂ ನೋಡಿದಳು.

"ಬರ್ರಿ" ಎಂದಳು. ನಾನು ಚೀಟಿ ಕೊಟ್ಟು ಹೊರಗೆ ಬಂದ ಮೇಲೆಯೇ ಪಟ್ಟಾ ಶುರು ಮಾಡಿದಳು.